ಮಾಳಿಗೆ ಏರಿದ ಮಣ್ಣು

ಎಮ್ಮೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ನಾನು ಹೋಗುವ ಹೊತ್ತಿಗಾಗಲೇ ಎರಡು ತಾಸಿನಿಂದ ಹಾಗೇ ನಿಂತಿದೆ ಎಂದು ಆ ಮನೆಯ ಅಜ್ಜಿ ಹೇಳಿದಳು. ಹಲ್ಲು ಕಡಿಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು, ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಸಿಂಧನೂರಿನ ಹಳೆ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಒತ್ತೊತ್ತಾಗಿ ನಿಂತಿರುವ ಒಂದು ಓಣಿ ಅದು. ಎಂಬತ್ತರ ದಶಕದ ಕೊನೆ, ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಹುಚ್ಚುನಾಯಿ ಕಡಿದಿದೆ ಎಂದು ಓಣಿಯವರೇ ತೀರ್ಮಾನ ಮಾಡಿ ದೂರ ನಿಂತಿದ್ದರು, ಹಾಲು ಕುಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ನಾನು ದನದ ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ನಾಲ್ಕು ತಿಂಗಳು ಊರಿನ ದೊಡ್ಡವರೆಲ್ಲ ಈ ಮಾತನ್ನೇ ನನ್ನ ಮುಖಕ್ಕೆ ಎಸೆದರು.

ಕಣ್ಣ ಮುಂದೆ ಕೈ ಬೀಸಿದೆ, ಎಮ್ಮೆ ರೆಪ್ಪೆ ಬಡಿಯಲಿಲ್ಲ. ಎಡಗಡೆ ಪಕ್ಕೆಯ ಹಿಂದೆ ಮುಷ್ಟಿ ಒತ್ತಿ ಹಿಡಿದು ಗಡಿಯಾರ ನೋಡಿದೆ. ಹೊಟ್ಟೆ ಮಿಸುಕಲೇ ಇಲ್ಲ. ಹುಚ್ಚುನಾಯಿ ಕಡಿತದಲ್ಲೂ ಜೊಲ್ಲು ಸುರಿಯುತ್ತದೆ, ಆದರೆ ಹೀಗೆ ಕುರುಡಾಗಿ ಗೋಡೆಗೆ ತಲೆ ಕೊಟ್ಟು ನಿಲ್ಲುವುದನ್ನು ಕಂಡಾಗ ನನಗೆ ಬೇರೆಯೇ ಅನುಮಾನ ಬಂತು. ಮರುದಿನ ಮಧ್ಯಾಹ್ನ ಅದು ನಾಲ್ಕೂ ಕಾಲು ಬಡಿದು ಸತ್ತಿತು. ಅಜ್ಜಿ ಅತ್ತದ್ದು ಮನೆ ಮಗಳು ಸತ್ತಂತೆ.

ದವಾಖಾನೆಯ ಹಿಂದೆ ಮುಳ್ಳುತಂತಿ ಹಾಕಿದ ಒಂದು ತುಂಡು ಜಾಗ ಇತ್ತು. ಸತ್ತ ದನ ಕೊಯ್ದು ನೋಡುವುದು, ಆಮೇಲೆ ಸುಣ್ಣ ಹಾಕಿ ಹುಗಿಯುವುದು, ಎರಡೂ ಅಲ್ಲಿಯೇ. ನಮ್ಮ ಕಾಂಪೌಂಡರ್ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕಾಲು ಹಿಡಿದ, ನಾನು ಕೊಯ್ದೆ. ಮೇವು ಸೋಸಿ ಬರುವ ಎರಡನೆಯ ಹೊಟ್ಟೆಯ ತಳದಲ್ಲಿ ಕಪ್ಪು ರಾಡಿ, ಅದರ ನಡುವೆ ಉಗುರಗಲದ ಬೂದು ಚಕ್ಕೆಗಳು. ಒಂದನ್ನು ತೊಳೆದು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯಿತು. ಜೇಬಿನಲ್ಲಿದ್ದ ಔಷಧಿ ಚೀಟಿಯ ಮೇಲೆ ಎಳೆದೆ, ಪೆನ್ಸಿಲ್ಲಿನಂಥ ಗೆರೆ ಬಿತ್ತು. ಸೀಸ. ಮೆದುಳಿನ ಅರ್ಧ ಭಾಗವನ್ನು ಐಸಿನಲ್ಲಿಟ್ಟು ಹುಚ್ಚುರೋಗದ ಪರೀಕ್ಷೆಗೆ, ಮೂತ್ರಪಿಂಡ ಮತ್ತು ಯಕೃತ್ತಿನ ತುಂಡುಗಳನ್ನು ವಿಷದ ಪರೀಕ್ಷೆಗೆ ಅಂತ ಬೆಂಗಳೂರಿಗೆ ಕಳಿಸಿ, ಕೈ ತೊಳೆದು ಸೈಕಲ್ ಹತ್ತಿ ಮತ್ತೆ ಆ ಓಣಿಗೆ ಹೋದೆ. ಎಮ್ಮೆಗೆ ಸೀಸ ಎಲ್ಲಿಂದ ಬಂತು ಎಂದು ತಿಳಿಯದೆ ನನಗೆ ಊಟ ಸೇರುವಂತಿರಲಿಲ್ಲ.

ಹುಡುಕುವುದೇನೂ ಇರಲಿಲ್ಲ, ಕಣ್ಣಿದ್ದವರಿಗೆ ಕಾಣುವಂತೆಯೇ ಇತ್ತು. ಕಾಲುವೆ ನೀರು ಬಂದ ಮೇಲೆ ಈ ಸೀಮೆಗೆ ಟ್ರ್ಯಾಕ್ಟರುಗಳು ಬಂದವು, ಲಾರಿಗಳು ಬಂದವು. ಅವುಗಳ ಸತ್ತ ಬ್ಯಾಟರಿಗಳೆಲ್ಲ ಲಿಂಗಸುಗೂರಿನಿಂದ, ಮಸ್ಕಿಯಿಂದ ಗಾಡಿ ಹೇರಿಕೊಂಡು ಈ ಓಣಿಯ ಹಿಂದಿನ ಒಂದು ಅಂಗಡಿಗೆ ಬರುತ್ತಿದ್ದವು. ಕೊಡಲಿಯಿಂದ ಡಬ್ಬಿ ಒಡೆಯುವುದು, ಒಳಗಿನ ಪ್ಲೇಟು ತೆಗೆದು ತೊಳೆಯುವುದು, ಕುಳಿಯಲ್ಲಿ ಕೆಂಡ ಹಾಕಿ ಕರಗಿಸಿ ಗಟ್ಟಿ ಮಾಡುವುದು. ತೊಳೆದ ನೀರು ಓಣಿಯ ನಡುವೆ ಹರಿಯುತ್ತಿತ್ತು. ಕಪ್ಪು ರಾಡಿಯನ್ನು ಮನೆಗಳ ಗೋಡೆಯ ಬುಡಕ್ಕೇ ಸುರಿಯುತ್ತಿದ್ದರು, ಎಷ್ಟೋ ವರ್ಷಗಳಿಂದ. ಒಡೆದ ಡಬ್ಬಿಗಳನ್ನು ಅಂಗಡಿಯವರು ಪುಕ್ಕಟೆ ಕೊಡುತ್ತಿದ್ದರು, ಓಣಿಯ ಹೆಂಗಸರು ಸಂತೋಷದಿಂದ ಒಯ್ಯುತ್ತಿದ್ದರು. ಆ ಅಜ್ಜಿ ಎಮ್ಮೆಗೆ ಕಲಗಚ್ಚು ಇಡುತ್ತಿದ್ದದ್ದು ಅಂಥದೇ ಒಂದು ಡಬ್ಬಿಯಲ್ಲಿ.

ಅದನ್ನು ಎತ್ತಿ ಬೀಸಾಕಿ ತಿರುಗಿದೆ. ಗೋಡೆಯ ಬುಡದಲ್ಲಿ ಅಜ್ಜಿಯ ಮೊಮ್ಮಗಳು ಕೂತಿದ್ದಳು, ಮೂರು ತುಂಬಿರಲಿಲ್ಲ. ಉಗುರಿನಿಂದ ಗೋಡೆ ಕೆರೆಯುವುದು, ಬೆರಳು ಬಾಯಿಗೆ ಇಟ್ಟುಕೊಳ್ಳುವುದು, ಮತ್ತೆ ಕೆರೆಯುವುದು. ಕರುಗಳಿಗೆ ಮಾಡುವಂತೆಯೇ ನಾನು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಸುಣ್ಣದ ಬಣ್ಣ. ಮಗು ಅಳಲಿಲ್ಲ, ನನ್ನನ್ನು ನೋಡಲೂ ಇಲ್ಲ. ಮಗುವಿನ ತಾಯಿ, ಅಂದರೆ ಅಜ್ಜಿಯ ಸೊಸೆ, ಒಳಗಿನಿಂದ ಬಂದಳು. ಹೊಟ್ಟೆ ನೋವೆಂದು ಕೂಸು ಮುದುಡಿಕೊಂಡು ಮಲಗುತ್ತದೆ, ನಾಲ್ಕೈದು ದಿನಕ್ಕೊಮ್ಮೆ ಹೊರಕಡೆಗೆ ಹೋಗುತ್ತದೆ, ನೀರು, ಅವ್ವ, ಬೆಲ್ಲ ಎಂದೆಲ್ಲ ಅನ್ನುತ್ತಿದ್ದದ್ದು ದೀಪಾವಳಿಯಿಂದ ಈಚೆಗೆ ಒಂದೊಂದೇ ಬಿಟ್ಟಿದೆ ಎಂದಳು. ಎಮ್ಮೆಗೆ ಆದದ್ದೇ ಇವಳಿಗೂ ಆಗಿರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ ಎಂದೆ.

“ಏನ್ರೀ ಸಾಹೇಬ್ರ,” ಅಂದಳು ಅಜ್ಜಿ. “ಮನಷ್ಯಾರ ಕೂಸಿಗೆ ದನದ ರೋಗ ಹಚ್ತೀರಲ್ಲ.”

ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಓದಿದವರ ಮೇಲೆ. ಒಂದು ಚೀಟಿ ಬರೆದುಕೊಟ್ಟು ತಾಯಿ-ಮಗಳನ್ನು ಒಬ್ಬ ಮಕ್ಕಳ ವೈದ್ಯರ ಹತ್ತಿರ ಕಳಿಸಿದೆ, ಸೀಸದ ವಿಷ ಇರಬಹುದು, ದಯವಿಟ್ಟು ರಕ್ತ ನೋಡಿಸಿ ಎಂದು. ಆತ ಚೀಟಿಯ ತಲೆಬರಹದಲ್ಲಿ ಪಶು ಎಂಬ ಎರಡಕ್ಷರ ನೋಡಿ ನಕ್ಕನಂತೆ. ಜಂತುಹುಳದ ಔಷಧಿ, ಕಬ್ಬಿಣದ ಟಾನಿಕ್ಕು ಬರೆದು ಕಳಿಸಿದ. ನಾನೇ ಹೋಗಿ ಕೇಳಿದೆ. ಕುರ್ಚಿ ಕೊಟ್ಟ, ಚಹಾ ತರಿಸಿದ, ನೀವು ಎಮ್ಮೆ ನೋಡಿಕೊಳ್ಳಿ ಡಾಕ್ಟರೇ, ಮಕ್ಕಳನ್ನು ನಮಗೆ ಬಿಡಿ ಎಂದ. ಚಹಾ ಅಲ್ಲಿಯೇ ಬಿಟ್ಟು ಎದ್ದು ಬಂದೆ. ಏಳುವಾಗ ಚಹಾದ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದೆನೋ ಏನೋ, ತಟ್ಟೆ ಒಡೆದ ಸದ್ದು ಕೇಳಿದ ನೆನಪು.

ಐದು ವಾರದ ಮೇಲೆ ಬೆಂಗಳೂರಿನಿಂದ ವರದಿ ಬಂತು. ಹುಚ್ಚುರೋಗ ಇಲ್ಲ. ಮೂತ್ರಪಿಂಡದಲ್ಲಿ, ಯಕೃತ್ತಿನಲ್ಲಿ ಕೊಲ್ಲುವಷ್ಟು ಸೀಸ. ವರದಿ ಹಿಡಿದು ಊರಿನ ಸ್ವಚ್ಛತೆ ನೋಡಿಕೊಳ್ಳುವ ಅಧಿಕಾರಿಯ ಕಚೇರಿಗೆ ಹೋದೆ. ಎರಡು ಸಲ ಕಾಯಿಸಿ ವಾಪಸು ಕಳಿಸಿದರು. ಮೂರನೆಯ ಸಲ ಒಳಗೆ ಕರೆದು, ಇದು ಎಮ್ಮೆಯ ರಿಪೋರ್ಟಲ್ಲವೇ, ನಮ್ಮ ಖಾತೆಗೆ ಹೇಗೆ ಬರುತ್ತದೆ ಎಂದು ಕೇಳಿದರು. ಬ್ಯಾಟರಿ ಅಂಗಡಿಯ ಮಾಲಕನನ್ನೂ ಕರೆಸಿದ್ದರು. ಆತ ಕೆಟ್ಟ ಮನುಷ್ಯನಂತೇನೂ ಕಾಣಲಿಲ್ಲ, ಅದೇ ನನಗೆ ಇನ್ನೂ ಉರಿ. ವಿಭೂತಿ ಹಚ್ಚಿಕೊಂಡು, ಕೈ ಮುಗಿದು, ಮೆಲ್ಲಗೆ ಮಾತಾಡುವ ಮನುಷ್ಯ.

“ಸೀಸಂದ್ರ ನಮಗ ಬೆಳ್ಳಿ ಇದ್ದಂಗ್ರೀ,” ಅಂದ. “ಯಾರರ ಬೆಳ್ಳಿ ಓಣ್ಯಾಗ ಚೆಲ್ತಾರೇನ್ರೀ?”

ಅಧಿಕಾರಿ ತಲೆಯಾಡಿಸಿದರು. ಒಂದು ಕೂಸು ಮಾತು ಬಿಡುತ್ತಿದೆ ಎಂದೆ. ಕೂಸುಗಳು ನಿಧಾನಕ್ಕೆ ಮಾತಾಡುತ್ತವೆ ಎಂದರು. ಬಾಗಿಲವರೆಗೂ ಬಂದವನು ತಿರುಗಿ ನಿಂತು, ಸಾಹೇಬರ ಮನೆಗೆ ದಿನಾ ಹಾಲು ಯಾವ ಓಣಿಯಿಂದ ಬರುತ್ತದೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಓಣಿಯಲ್ಲಿ ಇನ್ನೂ ಏಳು ಎಮ್ಮೆ ಇದ್ದವು, ಅದರಲ್ಲಿ ಎರಡರ ಹಾಲು ಇವರ ಮನೆಯ ಬಾಗಿಲಿಗೇ ಹೋಗುತ್ತಿತ್ತು. ಸೀಸ ಹಾಲಿನಲ್ಲಿ ಇಳಿಯುತ್ತದೆ ಎಂದಷ್ಟೇ ಹೇಳಿ ಬಂದೆ.

ಎರಡೇ ದಿನಕ್ಕೆ ಓಣಿಗೆ ಟ್ರ್ಯಾಕ್ಟರು ಬಂತು. ಮಗುವಿಗಾಗಿ ನಾನು ಆರು ವಾರ ಚಪ್ಪಲಿ ಸವೆಸಿದ್ದೆ.

ಕೆಲಸವನ್ನು ಮುಂದೆ ನಿಂತು ಮಾಡಿಸಿದೆ. ಒಣ ಮಣ್ಣು ಕೆದರಿದರೆ ಧೂಳು ಎದ್ದು ಮೂಗಿಗೆ ಹೋಗುತ್ತದೆಂದು ಮೊದಲು ನೀರು ಹೊಡೆಸಿದೆ. ಆಳುಗಳಿಗೆ ಬಾಯಿಗೆ ಬಟ್ಟೆ ಕಟ್ಟಿಸಿದೆ, ಕೈ ತೊಳೆಯದೆ ಬೀಡಿ ಹಚ್ಚಬಾರದೆಂದು ಬೈದೆ. ಗೋಡೆಯ ಬುಡದಿಂದ ಓಣಿಯ ನಡುವಿನ ತನಕ ಒಂದು ಗೇಣು ಆಳ ಕೆತ್ತಿ ತೆಗೆಸಿದೆ. ಕರಿ ಮಣ್ಣು ಹೋಗಿ ಕೆಳಗಿನ ಕೆಂದು ಮಣ್ಣು ಕಾಣುವ ತನಕ ಬಿಡಲಿಲ್ಲ. ಊರ ಹೊರಗೆ ಹಳ್ಳದ ಆಚೆ ಒಂದು ಬೀಳು ನೆಲದಲ್ಲಿ ಒಯ್ದು ಗುಡ್ಡೆ ಹಾಕಿದರು. ಬ್ಯಾಟರಿ ಮಾಲಕ ತನ್ನ ಕುಳಿಯನ್ನು ಊರಾಚೆ ಒಯ್ದ. ಎಮ್ಮೆಗಳಿಗೆಲ್ಲ ಭೇದಿ ಉಪ್ಪು ಕುಡಿಸಿದೆ, ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರದೆ ಹೊರಗೆ ಹೋಗಲಿ ಎಂದು.

ಕೊನೆಯ ದಿನ ಓಣಿಯವರನ್ನೆಲ್ಲ ಕಟ್ಟೆಯ ಹತ್ತಿರ ಕೂಡಿಸಿ ಭಾಷಣ ಬೇರೆ ಮಾಡಿದೆ. ಎಲ್ಲರಿಗೂ ಮನಸ್ಸಿಗೆ ನಾಟುವಂತೆ ಹೇಳಬೇಕು ಎಂಬ ಹುರುಪು ನನಗೆ.

“ಈ ಮಣ್ಣಾಗ ಹುಲ್ಲಿನ ಕಡ್ಡಿ ಸುದ್ದಾ ಹುಟ್ಟೂದಿಲ್ಲ. ಗೆದ್ದಲ ಸುದ್ದಾ ಇದನ್ನ ಮುಟ್ಟೂದಿಲ್ಲ. ಅಂಥಾ ವಿಷ ಐತಿ ಇದರಾಗ. ಯಾರೂ ತಿನ್ನಬ್ಯಾಡ್ರಿ.”

ಎಲ್ಲರೂ ಗಮನವಿಟ್ಟು ಕೇಳಿದರು. ಹಿಂದೆ ನಿಂತ ಇಬ್ಬರು ಮುದುಕರು ಏನೋ ಮಾತಾಡಿಕೊಂಡದ್ದನ್ನೂ ಕಂಡೆ. ನನ್ನ ಮಾತು ಅವರ ತಲೆಗೆ ಇಳಿಯಿತು ಎಂದು ಹೆಮ್ಮೆಪಟ್ಟೆ.

ಅದಾದ ಮೇಲೆ ನನ್ನನ್ನು ಕಾಲುಬಾಯಿ ಜ್ವರದ ಲಸಿಕೆಗೆ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಗೆ ಹಾಕಿದರು. ಐಸಿನ ಡಬ್ಬಿ ಹೊತ್ತು ಮೂರು ವಾರ ತಿರುಗಿ, ಜೂನ್ ಆರಂಭದ ಮಿರಗದ ಮಳೆಗೆ ಇನ್ನು ಹತ್ತು ಹನ್ನೆರಡು ದಿನ ಇರುವಾಗ ಸಿಂಧನೂರಿಗೆ ಮರಳಿದೆ. ಮರುದಿನವೇ ಮಗುವನ್ನು ನೋಡಲು ಹೋದೆ. ಮಗು ಚಾಪೆಯ ಮೇಲೆ ಬಿದ್ದುಕೊಂಡಿತ್ತು, ಕೊರಳಲ್ಲಿ ಹೊಸ ತಾಯತ. ಹೋದ ವಾರ ಕೈಕಾಲು ಸೆಟೆದು ಕಣ್ಣು ಮೇಲೆ ಹೋಗಿದ್ದವು ಎಂದಳು ತಾಯಿ. ನನಗೆ ತಿಳಿಯಲಿಲ್ಲ. ಮಣ್ಣು ಹೋಗಿದೆ, ಡಬ್ಬಿ ಹೋಗಿದೆ, ಅಂಗಡಿ ಹೋಗಿದೆ, ಮಗು ಮೊದಲಿಗಿಂತ ಕೆಟ್ಟಿದೆ. ಅವಳ ಹಣೆ ಮುಟ್ಟಿದೆ. ಬೆರಳಿಗೆ ಕರಿ ಧೂಳು ಹತ್ತಿತು. ಚಾಪೆಯ ಮೇಲೂ ಇತ್ತು, ಕೊಡದ ಬಾಯಿಯ ಸುತ್ತಲೂ ಇತ್ತು. ತಲೆ ಎತ್ತಿ ನೋಡಿದೆ. ತೊಲೆಗಳ ಸಂದಿನಿಂದ ಸಣ್ಣಗೆ ಉದುರುತ್ತಿತ್ತು.

ನಮ್ಮ ಸೀಮೆಯ ಮಾಳಿಗೆ ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಲೆ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳದೆತ್ತರ ಮಣ್ಣು. ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಮೇಲೊಂದು ಹೊಸ ಪದರ ಹಾಕಿ ಬಡಿಯಬೇಕು. ಮಾಳಿಗೆಗೆ ಎರಡೇ ವೈರಿಗಳು. ಹುಲ್ಲು ಹುಟ್ಟಿದರೆ ಬೇರಿನ ಗುಂಟ ನೀರು ಇಳಿಯುತ್ತದೆ, ಗೆದ್ದಲು ಹತ್ತಿದರೆ ತೊಲೆ ಹೋಗುತ್ತದೆ. ಅದಕ್ಕೇ ಜನ ಹುಲ್ಲು ಹುಟ್ಟದ ಕರಲು ಮಣ್ಣನ್ನು ಎಲ್ಲೆಲ್ಲಿಂದಲೋ ಹುಡುಕಿ ಗಾಡಿಯಲ್ಲಿ ತರುತ್ತಾರೆ. ಹುಲ್ಲೂ ಹುಟ್ಟದ, ಗೆದ್ದಲೂ ಮುಟ್ಟದ ಮಣ್ಣು ಹಳ್ಳದ ಆಚೆ ಗುಡ್ಡೆ ಬಿದ್ದಿದೆ ಎಂದು ನಾನು ಕಟ್ಟೆಯ ಮೇಲೆ ನಿಂತು ಸಾರಿದ್ದೆ.

ಹಗ್ಗದ ಏಣಿ ಹತ್ತಿ ಮೇಲೆ ಹೋಗಿ ನೋಡಿದೆ. ಓಣಿಯ ಹದಿನಾಲ್ಕು ಮಾಳಿಗೆಗಳಲ್ಲಿ ಹನ್ನೊಂದರ ಮೇಲೆ ಆ ಕರಿ ಮಣ್ಣು ನುಣ್ಣಗೆ ಬಡಿದು ಕೂತಿತ್ತು. ಹಳ್ಳದ ಆಚೆ ಒಂದು ಬುಟ್ಟಿಯೂ ಉಳಿದಿರಲಿಲ್ಲವಂತೆ. ಕೆಳಗಿಳಿದು ಅಜ್ಜಿಯ ಮೇಲೆ ಕೂಗಾಡಿದೆ. ಬುದ್ಧಿ ಐತೇನು ನಿಮಗ, ವಿಷ ಅಂತ ಹೇಳಿದ್ದಿಲ್ಲೇನು ಎಂದು ಬಾಯಿಗೆ ಬಂದಂತೆ ಅಂದೆ. ಅಜ್ಜಿ ಹೆದರಲಿಲ್ಲ, ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು.

“ನೀವಽ ಹೇಳಿದ್ರಲ್ಲರೀ, ಗೆದ್ದಲ ಹತ್ತೂದಿಲ್ಲಂತ. ತಿನ್ನಬ್ಯಾಡ್ರಿ ಅಂದ್ರಿ, ತಿಂದಿಲ್ಲ. ತಲಿ ಮ್ಯಾಲ ಹಾಕ್ಕೊಂಡೀವಿ.”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅಧಿಕಾರಿಗೆ ಬೈದಿದ್ದೆ, ಮಕ್ಕಳ ಡಾಕ್ಟರಿಗೆ ಬೈದಿದ್ದೆ, ಮಾಲಕನಿಗೆ ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ ಲೆಕ್ಕವಿಲ್ಲ. ಈಗ ಬೈಯಬೇಕಾದವನು ನಾನೇ ಆಗಿದ್ದೆ. ಇದೇ ಸೀಮೆಯಲ್ಲಿ ಹುಟ್ಟಿ, ಅಪ್ಪನ ಜೊತೆ ಮಾಳಿಗೆ ಬಡಿದು ಬೆಳೆದವನಿಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಮೊದಲು ಮಗುವನ್ನು ಮನೆಯಿಂದ ಹೊರಡಿಸಿದೆ. ತಾಯಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ದೊಡ್ಡ ಆಸ್ಪತ್ರೆ ಇರುವ ಊರಿಗೆ ಹೋದೆ. ಅಲ್ಲಿ ಹೊಸದಾಗಿ ಬಂದ ಒಬ್ಬ ಡಾಕ್ಟರಮ್ಮ ಎಮ್ಮೆಯ ವರದಿಯನ್ನು ಪೂರ್ತಿ ಓದಿದಳು. ನಗಲಿಲ್ಲ. ಎಮ್ಮೆ ಕಾಯಿಲೆ ಬಿದ್ದು ಎಷ್ಟು ದಿನಕ್ಕೆ ಸತ್ತಿತು, ಕಣ್ಣು ಮೊದಲು ಹೋಯಿತೋ ಆಮೇಲೋ ಎಂದು ಕೇಳಿದಳು. ಆಗಲೇ ಸೂಜಿ ತರಿಸಿ ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದಳು, ಮಗುವನ್ನು ಸೇರಿಸಿಕೊಂಡಳು. ಮೂರು ತಿಂಗಳಲ್ಲಿ ನನ್ನ ಮಾತನ್ನು ಮಾತೆಂದು ಕೇಳಿದ ಮೊದಲ ಓದಿದ ವ್ಯಕ್ತಿ ಅವಳು. ಮದ್ದು ಕೊಟ್ಟು ಸೀಸ ಇಳಿಸಬಹುದು, ಆದರೆ ಮತ್ತೆ ಅದೇ ಮನೆಗೆ ಹೋದರೆ ಮದ್ದಿಗೆ ಅರ್ಥವಿಲ್ಲ ಎಂದು ಅವಳು ಹೇಳಿದಳು.

ಹಾಗಾಗಿ ಮಣ್ಣು ಇಳಿಸಲೇಬೇಕಿತ್ತು, ಮಳೆಗೆ ಮುಂಚೆ. ಮಳೆ ಬಿದ್ದರೆ ಆ ಹನ್ನೊಂದು ಮಾಳಿಗೆಗಳ ನೀರು ನೇರ ಓಣಿಗೇ ಇಳಿಯುತ್ತಿತ್ತು, ಕೆತ್ತಿ ತೆಗೆದದ್ದೆಲ್ಲ ಮತ್ತೆ ಅಲ್ಲಿಗೇ. ಇಳಿಸುವುದು ಕಷ್ಟದ ಮಾತಲ್ಲ, ಇಳಿಸಿ ಎಲ್ಲಿಡುವುದು? ಬೀಳಿನಲ್ಲಿ ಹಾಕಿದರೆ ಬೇರೆ ಓಣಿಯವರು ಒಯ್ಯುತ್ತಾರೆ. ಹೊಲದ ಬದುವಿಗೆ ಹಾಕಿದರೆ ಹಳೆ ಮನೆಯ ಮಣ್ಣು ಒಳ್ಳೆ ಗೊಬ್ಬರವೆಂದು ಭತ್ತದ ಗದ್ದೆಗೆ ಹೊಡೆಯುತ್ತಾರೆ. ಅಧಿಕಾರಿ ಈ ಸಲ ಬಾಗಿಲಲ್ಲೇ ಆಗುವುದಿಲ್ಲವೆಂದು ಕೈ ಆಡಿಸಿದರು, ಅವರ ಮನೆಯ ಹಾಲು ಅಷ್ಟೊತ್ತಿಗೆ ಬೇರೆ ಕಡೆಯಿಂದ ಬರುತ್ತಿತ್ತು. ದವಾಖಾನೆಯ ಕಟ್ಟೆಯ ಮೇಲೆ ಕೂತು ಕಾಂಪೌಂಡರನ ಮುಂದೆ ಇದನ್ನೆಲ್ಲ ಹೇಳಿ ಹಲುಬುತ್ತಿದ್ದೆ. ಆತ ಸುಣ್ಣದ ಚೀಲ ಹೊಲಿಯುತ್ತಾ ಕೇಳುತ್ತಿದ್ದ.

“ಇಲ್ಲೇ ಹುಗೀರಲ್ಲರೀ,” ಅಂದ, ಹಿಂದಿನ ಮುಳ್ಳುತಂತಿಯ ಕಡೆ ಗದ್ದ ತೋರಿಸಿ. “ಸತ್ತ ದನ ಹುಗಿದ ಮಣ್ಣು ಯಾವ ಮಗಾ ಮುಟ್ತಾನ?”

ಆ ಮೂರು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತ ಮಾತು ಅದು. ವಿಷ ಎಂದರೆ ನಮ್ಮ ಜನ ಹೆದರುವುದಿಲ್ಲ, ಹೊಲಕ್ಕೆ ದಿನಾ ವಿಷ ಹೊಡೆಯುವವರು. ಆದರೆ ಹುಗಿದ ಹೆಣದ ಮೇಲಿನ ಮಣ್ಣನ್ನು ಮನೆಯ ತಲೆಯ ಮೇಲೆ ಹೇರುವವರು ಯಾರೂ ಇಲ್ಲ. ಇಲಾಖೆಯ ಜಾಗಕ್ಕೆ ಹೊರಗಿನ ಮಣ್ಣು ತರಲು ಮೇಲಿನವರ ಅಪ್ಪಣೆ ಬೇಕು, ಅಪ್ಪಣೆ ಕೇಳಿದರೆ ಕಾಗದ ತಿರುಗಿ ಬರುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತದೆ. ಕೇಳಲಿಲ್ಲ. ಆವತ್ತೇ ಗುಂಡಿ ತೋಡಲು ಆಳು ಹಚ್ಚಿದೆ.

ಎರಡಾಳು ಆಳ, ಟ್ರೇಲರು ಇಳಿಯುವಷ್ಟು ಅಗಲ. ತಳಕ್ಕೆ ಎರೆಮಣ್ಣು ತುಳಿಸಿ ಸುಣ್ಣ ಹಾಸಿದೆವು. ಮಾಳಿಗೆಗಳ ಮೇಲೆ ನೀರು ಚಿಮುಕಿಸಿ, ಕೆರೆದು, ಗೋಣಿಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸಿದೆವು. ಓಣಿಯ ಹೆಂಗಸರು ಮೊದಲ ದಿನ ಜಗಳಕ್ಕೆ ಬಂದರು, ಬೆವರು ಸುರಿಸಿ ಹಾಕಿದ ಮಾಳಿಗೆ, ಮಳೆ ತಲೆಯ ಮೇಲಿದೆ, ಇವನ್ಯಾರು ಕೀಳಲಿಕ್ಕೆ ಎಂದು. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಬಾಯಿ ಮುಚ್ಚಿಸಿದ್ದು ಅಜ್ಜಿ. ಮೊಮ್ಮಗಳ ಸೆಟೆದ ಕೈ ನೀವು ಹಿಡಿದಿದ್ದೀರಾ ಎಂದು ಕೇಳಿ, ತಾನೇ ಸಲಿಕೆ ತೆಗೆದುಕೊಂಡು ಏಣಿ ಹತ್ತಿದಳು. ಅರವತ್ತು ದಾಟಿದ ಹೆಂಗಸು. ಆಮೇಲೆ ಉಳಿದವರೂ ಹತ್ತಿದರು. ಕಿತ್ತ ಮಾಳಿಗೆಗೆ ಬೇರೆ ಕಡೆಯಿಂದ ತಂದ ಕರಲು ಮಣ್ಣು ಹಾಕಿ ಬಡಿದೆವು, ನಾನೂ ಬಡಿದೆ, ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂಬತ್ತು ಮಾಳಿಗೆ ಮುಗಿಯುವಷ್ಟರಲ್ಲಿ ಮಳೆ ಬಂತು. ಎರಡು ಉಳಿದುಬಿಟ್ಟವು. ಅವುಗಳ ಕರಿ ನೀರು ಓಣಿಗೆ ಇಳಿಯುವುದನ್ನು ನಿಂತು ನೋಡಿದೆ, ಮಳೆ ನಿಂತ ಮೇಲೆ ಆ ಎರಡನ್ನೂ ಕಿತ್ತು, ಓಣಿಯನ್ನು ಮತ್ತೆ ಕೆತ್ತಿಸಿದೆ.

ಗುಂಡಿ ಮುಚ್ಚುವ ವಾರ ಮುಕ್ಕುಂದದ ಕಡೆಯಿಂದ ಸತ್ತ ಎತ್ತೊಂದು ಬಂತು. ಅದನ್ನು ಆ ಮಣ್ಣಿನ ಮೇಲೆಯೇ ಹುಗಿಸಿದೆ, ಊರೆಲ್ಲ ನೋಡಲಿ ಎಂದು ಹಾಡುಹಗಲೇ. ಇವತ್ತಿಗೂ ಅಲ್ಲಿಂದ ಒಂದು ಬುಟ್ಟಿ ಮಣ್ಣು ಹೋಗಿಲ್ಲ. ಮೇಲಧಿಕಾರಿಗಳಿಂದ ನೋಟೀಸು ಬಂತು, ಸರ್ಕಾರಿ ಜಾಗದ ದುರುಪಯೋಗ ಎಂದು. ವರ್ಷದ ಕೊನೆಗೆ ಲಿಂಗಸುಗೂರಿಗೆ ವರ್ಗವೂ ಆಯಿತು.

ಮಗು ಉಳಿಯಿತು. ಹೊಟ್ಟೆ ನೋವು ಹೋಯಿತು, ಸೆಟೆತ ಮತ್ತೆ ಬರಲಿಲ್ಲ, ಕೆನ್ನೆಗೆ ಬಣ್ಣ ಬಂತು. ಬಿಟ್ಟ ಮಾತುಗಳಲ್ಲಿ ಕೆಲವು ಮರಳಿದವು. ಎಲ್ಲವೂ ಮರಳುವುದಿಲ್ಲ ಎಂದು ಡಾಕ್ಟರಮ್ಮ ನನಗೆ ಹೇಳಿದ್ದಳು, ಅದನ್ನು ತಾಯಿಗೆ ಹೇಳುವ ಧೈರ್ಯ ನನಗೆ ಆಗಲಿಲ್ಲ.

ಆರೇಳು ವರ್ಷದ ಮೇಲೆ ತಾಯಿ ನನ್ನನ್ನು ಹುಡುಕಿಕೊಂಡು ಲಿಂಗಸುಗೂರಿಗೆ ಬಂದಳು. ಹುಡುಗಿ ಇನ್ನೂ ಎರಡನೆಯ ಇಯತ್ತೆಯಲ್ಲೇ ಕೂತಿದ್ದಾಳೆ, ಕಾಗುಣಿತ ಇವತ್ತು ಕಲಿತರೆ ನಾಳೆ ಮರೆಯುತ್ತಾಳೆ, ಮಾಸ್ತರು ದಡ್ಡಿ ಎಂದು ದಿನಾ ಬಡಿಯುತ್ತಾರೆ ಎಂದಳು. ಬೆನ್ನ ಮೇಲೆ ಬರೆ ಇವೆ ಎಂದಳು. ಮೊದಲ ಬಸ್ಸಿಗೆ ಸಿಂಧನೂರಿಗೆ ಹೋದೆ. ಶಾಲೆಯ ವರಾಂಡದಲ್ಲಿ ಮಾಸ್ತರರನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅಂಗಡಿ, ಮಣ್ಣು, ಮಾಳಿಗೆ, ಅದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನೂ ಮುಚ್ಚಿಡಲಿಲ್ಲ. ಈ ಹುಡುಗಿ ದಡ್ಡಿಯಾಗಿ ಹುಟ್ಟಿದವಳಲ್ಲ, ಮಾಡಿದ್ದು ನಾವು, ದೊಡ್ಡವರು, ಅವಳ ಮೇಲೆ ಕೈ ಎತ್ತಬೇಡಿ, ನಾಲ್ಕು ಸಲದ ಬದಲು ನಲವತ್ತು ಸಲ ಹೇಳಿಕೊಡಿ ಎಂದೆ. ಎಲ್ಲವನ್ನೂ ಬರೆದು ಸಹಿ ಹಾಕಿಯೂ ಕೊಟ್ಟೆ. ಮಾಸ್ತರರು ಎರಡು ಸಲ ಓದಿ, ಮೆತ್ತಗಾಗಿ, ಹಾಜರಿ ಪುಸ್ತಕದ ನಡುವೆ ಇಟ್ಟುಕೊಂಡರು.

ಒಂದು ತಿಂಗಳ ಮೇಲೆ ಆ ಓಣಿಗೆ ಹೋಗಿ ತಾಯಿಯನ್ನು ವಿಚಾರಿಸಿದೆ. ಹುಡುಗಿ ಹೊಸ್ತಿಲಲ್ಲಿ ಕೂತು ಪಾಟಿಯನ್ನು ಲಂಗದ ಅಂಚಿನಿಂದ ಒರೆಸುತ್ತಿದ್ದಳು. ಅದರ ಮೇಲೆ ಏನೂ ಬರೆದಿರಲಿಲ್ಲ.

“ಬಡಿಯೂದು ಬಿಟ್ಟಾರ್ರೀ,” ಅಂದಳು ತಾಯಿ. “ಈಗ ಆಕೀನ ಏನೂ ಕೇಳೂದೂ ಬಿಟ್ಟಾರ.”